ಹಳೇ ಫೈಬರ್ ಬೋಟಿಗೆ ನೀರು ನುಗ್ಗುತ್ತಿದೆಯೇ? ಮೊದಲು ದಾರಿ ಹುಡುಕಿ, ಆಮೇಲೆ ರೆಸಿನ್ ತನ್ನಿ

ಸೆಕೆಂಡ್ ಹ್ಯಾಂಡ್ ಫೈಬರ್ ಬೋಟು ಕೊಂಡವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ಒಂದು ಗೇಣು ನೀರು. ಕಾಲಿಟ್ಟರೆ ನೆಲ ಮೆತ್ತಗೆ ಕುಸಿಯುತ್ತದೆ. ಎಂಜಿನ್ ಗಂಟಲು ಹರಿಯುವಂತೆ ಕೂಗಿದರೂ ಬೋಟು ಮೇಲೇಳುವುದಿಲ್ಲ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ. ಒಂದು ಡಬ್ಬಿ ರೆಸಿನ್ (ಕಲಸಿದ ಮೇಲೆ ಗಟ್ಟಿಯಾಗುವ ದ್ರವ), ಎರಡು ಮೀಟರ್ ಮ್ಯಾಟ್ (ಗಾಜಿನ ನಾರಿನ ಹಾಸು) ತಂದು ಬಿರುಕು ಕಂಡಲ್ಲೆಲ್ಲ ಹಚ್ಚುತ್ತಾರೆ. ಮೇಲೆ ಪೇಂಟ್ ಹೊಡೆದರೆ ಬೋಟು ಹೊಸದರ ಹಾಗೆ ಕಾಣುತ್ತದೆ. ನೀರು ಮಾತ್ರ ಬರುತ್ತಲೇ ಇರುತ್ತದೆ.

ಫೈಬರ್‌ಗ್ಲಾಸ್ ಕೊಳೆಯುವುದಿಲ್ಲ. ಕೊಳೆಯುವುದು ಅದರ ಹೊಟ್ಟೆಯಲ್ಲಿರುವ ಪ್ಲೈವುಡ್. ಎಂಜಿನ್ ಕೂರುವ ಹಿಂಬದಿಯ ಹಲಗೆ (ಇದಕ್ಕೆ ಟ್ರಾನ್ಸಮ್ ಅನ್ನುತ್ತಾರೆ), ನೆಲ, ನೆಲದಡಿಯ ಉದ್ದುದ್ದ ಪಟ್ಟಿಗಳು, ಇವೆಲ್ಲ ಹಳೇ ಬೋಟುಗಳಲ್ಲಿ ಮರದವೇ. ಮೇಲೆ ಫೈಬರಿನ ಹೊದಿಕೆ ಅಷ್ಟೇ. ಆ ಮರದ ಹತ್ತಿರ ನೀರು ಹೋಗುವುದು ಬಹಳ ಸಲ ಯಾರೋ ಕೊರೆದ ತೂತಿನಿಂದ. ಎಂಜಿನ್ ಬೋಲ್ಟು, ಡ್ರೈನ್ ಪ್ಲಗ್, ಹಗ್ಗ ಕಟ್ಟುವ ಕ್ಲೀಟು, ಫಿಶ್ ಫೈಂಡರ್ ಸೆನ್ಸರಿಗೆ ಹೊಡೆದ ಎರಡು ಸ್ಕ್ರೂ. ಹಾಗಾಗಿ ಹಳೇ ಬೋಟಿನಲ್ಲಿ ಫೈಬರಿಗಿಂತ ಮೊದಲು ಫಿಟ್ಟಿಂಗ್‌ಗಳ ಮೇಲೆ ಅನುಮಾನ ಪಡಬೇಕು.

ಇಲ್ಲಿ ಹೇಳುತ್ತಿರುವುದು 16ರಿಂದ 20 ಅಡಿ ಉದ್ದದ, ಔಟ್‌ಬೋರ್ಡ್ ಎಂಜಿನ್ (ಹಿಂಬದಿಗೆ ಹೊರಗಡೆ ತಗುಲಿಸುವಂಥದ್ದು) ಇರುವ, ಪಾಲಿಯೆಸ್ಟರ್ ರೆಸಿನ್‌ನಲ್ಲಿ ಕಟ್ಟಿದ ಬೋಟುಗಳ ಬಗ್ಗೆ. ಕಾರವಾರದ ಕಾಳಿ ಹೊಳೆಯಿಂದ ಗಂಗೊಳ್ಳಿ, ಕೋಡಿಬೆಂಗ್ರೆಯ ಅಳಿವೆಗಳ ತನಕ ಓಡಾಡುವಂಥವು. ದೊಡ್ಡ ಟ್ರಾಲ್ ಬೋಟುಗಳ ಲೆಕ್ಕವೇ ಬೇರೆ.

ನೀರು ಯಾವಾಗ ಬರುತ್ತದೆ?

ಮೊದಲ ಪರೀಕ್ಷೆಗೆ ದುಡ್ಡು ಬೇಡ. ತಳದ ನೀರಿಗೆ ಬೆರಳದ್ದಿ ನಾಲಿಗೆ ತುದಿಗೆ ಮುಟ್ಟಿಸಿ. ಪೆಟ್ರೋಲ್, ಆಯಿಲ್ ತೇಲುತ್ತಿದ್ದರೆ ಮಾತ್ರ ಬೇಡ. ಉಪ್ಪಾಗಿದ್ದರೆ ನೀರು ಕೆಳಗಿನಿಂದ ಬಂದಿದೆ. ಸಪ್ಪೆಯಾಗಿದ್ದರೆ ಮಳೆ ನೀರು, ಅಂದರೆ ಮೇಲಿನ ಮುಚ್ಚಳ, ಕ್ಲೀಟು, ಅಂಚಿನ ರಬ್ಬರ್ ಪಟ್ಟಿಯ ಜಾಗ ನೋಡಬೇಕು. ಒಂದು ಎಚ್ಚರ: ಜೂನ್‌ನಿಂದ ಸೆಪ್ಟೆಂಬರ್ ತನಕ ಹೊಳೆ ತುಂಬಿ ಹರಿಯುವಾಗ ಅಳಿವೆಯ ನೀರೂ ಹೆಚ್ಚುಕಮ್ಮಿ ಸಪ್ಪೆಯೇ. ಆಗ ಈ ಪರೀಕ್ಷೆ ನಂಬಬೇಡಿ.

ಎರಡನೆಯದು, ನಿಂತಾಗ ಬರುತ್ತದೋ ಓಡುವಾಗ ಬರುತ್ತದೋ ಅಂತ ನೋಡುವುದು. ತಳವನ್ನು ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಹಳೇ ನ್ಯೂಸ್‌ಪೇಪರ್ ಹಾಸಿ, ದಂಡೆಗೆ ಕಟ್ಟಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪೇಪರ್ ಎಲ್ಲಿಂದ ಒದ್ದೆಯಾಗಲು ಶುರುವಾಗಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ನಿಂತಾಗಲೇ ನೀರು ಬಂದಿದ್ದರೆ ಡ್ರೈನ್ ಪ್ಲಗ್, ನೀರಿನ ಮಟ್ಟಕ್ಕಿಂತ ಕೆಳಗಿನ ಸ್ಕ್ರೂಗಳು, ತಳದ ಸವೆತ, ಇವು ಮೂರೂ ಸಾಲಿನಲ್ಲಿ ನಿಲ್ಲುತ್ತವೆ. ಓಡುವಾಗ ಮಾತ್ರ ಬರುತ್ತಿದ್ದರೆ ಎಂಜಿನ್ ಬೋಲ್ಟಿನ ತೂತು, ಟ್ರಾನ್ಸಮ್ ಮತ್ತು ತಳ ಸೇರುವ ಮೂಲೆಯ ಬಿರುಕು, ಅಥವಾ ಪಕ್ಕದ ಅಂಚಿನ ಜೋಡಣೆ. ಎಂಜಿನ್ ದೂಡಿದಾಗ ಹಿಂಬದಿ ಬಾಗಿ ಬಿರುಕು ಬಾಯಿ ಬಿಡುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ಇದನ್ನು ದಡದಲ್ಲಿ ನಿಂತು ಎಷ್ಟು ನೋಡಿದರೂ ಸಿಗುವುದಿಲ್ಲ.

ತಳದ ನೀರು ಎತ್ತಿ ಹೊರಹಾಕುವ ಬಿಲ್ಜ್ ಪಂಪಿನ ಹೊರ ಪೈಪನ್ನೂ ಮರೆಯಬೇಡಿ. ಅದರ ಬಾಯಿ ನೀರಿನ ಮಟ್ಟಕ್ಕೆ ತೀರಾ ಹತ್ತಿರ ಇದ್ದರೆ, ಹಿಂಬದಿಗೆ ಇಬ್ಬರು ಬಂದು ಕೂತಾಗ ಅದು ಮುಳುಗಿ, ಪಂಪ್ ನಿಂತ ಮೇಲೆ ನೀರು ಅದೇ ಪೈಪಿನಲ್ಲಿ ವಾಪಸ್ ಬರುತ್ತದೆ. ಪೈಪನ್ನು ಒಳಗಡೆ ಸಾಕಷ್ಟು ಮೇಲಕ್ಕೆ ಬಳಸಿ ತಂದು, ಬಾಯಿಯನ್ನು ಎತ್ತರಕ್ಕೆ ಏರಿಸಿದರೆ ಮುಗಿಯಿತು. ಇದಕ್ಕೂ ಫೈಬರಿಗೂ ಸಂಬಂಧವೇ ಇಲ್ಲ ಅಲ್ವಾ?

ದಡಕ್ಕೆ ಎಳೆದು ಒಳಗೆ ನೀರು ತುಂಬಿ

ಹೊರಗಿನ ನೀರು ಒಳಗೆ ಬರುವ ದಾರಿಯಲ್ಲೇ ಒಳಗಿನ ನೀರು ಹೊರಗೂ ಹೋಗುತ್ತದೆ. ಬೋಟನ್ನು ದಡಕ್ಕೆ ತಂದು ಮರದ ದಿಮ್ಮಿ, ಮರಳು ಚೀಲಗಳ ಮೇಲೆ ಚೆನ್ನಾಗಿ ಕೂರಿಸಿ. ಹೊರಮೈ ಒಣಗಿದ ಮೇಲೆ ತಳಕ್ಕೆ ನಾಲ್ಕೈದು ಇಂಚು ನೀರು ಬಿಡಿ. ಜಾಸ್ತಿ ಬೇಡ. 100 ಲೀಟರ್ ಅಂದರೆ 100 ಕಿಲೋ, ಕೆಳಗೆ ಸರಿಯಾದ ಆಧಾರ ಇಲ್ಲದಿದ್ದರೆ ಇದ್ದ ತಳವೂ ಬಿರಿಯುತ್ತದೆ. ಆಮೇಲೆ ಹೊರಗಡೆ ಕೂತು ಕಾಯಿರಿ. ಎಲ್ಲಿ ಮೊದಲ ಹನಿ ಮೂಡುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹನಿ ಕೆಳಕ್ಕೆ ಹರಿದು ಇನ್ನೆಲ್ಲೋ ತೊಟ್ಟಿಕ್ಕುತ್ತದೆ, ತೊಟ್ಟಿಕ್ಕುವ ಜಾಗಕ್ಕೆ ಮೋಸ ಹೋಗಬೇಡಿ.

ಮರಳಿನ ಮೇಲೆ ಎಳೆದಾಡುವ ಬೋಟುಗಳಲ್ಲಿ ಮೂತಿಯ ಅಡಿಭಾಗ ಮತ್ತು ತಳದ ನಡುಗೆರೆ ಎರಡೂ ಸವೆದಿರುತ್ತವೆ. ಹೊರಮೈಯ ಹೊಳಪು ಪದರ, ಅಂದರೆ ಜೆಲ್‌ಕೋಟ್, ದಪ್ಪ ಇರುವುದೇ ಸುಮಾರು ಅರ್ಧ ಮಿಲಿಮೀಟರ್. ಅದು ಹೋಗಿ ಬಿಳಿ ನಾರು ಕಂಡರೆ ಅಲ್ಲಿ ಮ್ಯಾಟ್ ಕಟ್ಟಲೇಬೇಕು. ನಡುಗೆರೆ ಉಳಿಸಲು ಅಂತ ಕಬ್ಬಿಣದ ಪಟ್ಟಿಯನ್ನು ಸ್ಕ್ರೂ ಹಾಕಿ ಬಿಗಿದಿದ್ದರೆ ಆ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ. ತೂತಿನಿಂದ ಕಂದು ನೀರು ಇಳಿದರೆ ದಾರಿ ಸಿಕ್ಕಿತು.

ಸುತ್ತಿಗೆ ಹಿಡಿದು ಟ್ರಾನ್ಸಮ್ ಮುಂದೆ ಕೂರಿ

ಇಲ್ಲಿ ಸಮಯ ಕೊಡಿ. ಉಳಿದದ್ದೆಲ್ಲ ಕೆಟ್ಟರೆ ಬೋಟು ಒದ್ದೆಯಾಗುತ್ತದೆ, ಟ್ರಾನ್ಸಮ್ ಕೆಟ್ಟರೆ ಎಂಜಿನ್ ಸಮೇತ ಹಿಂಬದಿ ಕಿತ್ತು ಹೋಗುತ್ತದೆ. 40 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ ತೂಕ ಸರಿಸುಮಾರು 70ರಿಂದ 100 ಕಿಲೋ, ಅದರಲ್ಲೂ ಫೋರ್ ಸ್ಟ್ರೋಕ್ ಇನ್ನೂ ಭಾರ. ಹಳೇ ಟೂ ಸ್ಟ್ರೋಕ್ ತೆಗೆದು ಫೋರ್ ಸ್ಟ್ರೋಕ್ ಕೂರಿಸುವವರು ಈ ಪರೀಕ್ಷೆ ಮಾಡದೆ ಮುಂದುವರಿಯಬಾರದು.

ಮೊದಲು ಎಂಜಿನ್ ಅನ್ನು ಅರ್ಧ ಮೇಲಕ್ಕೆತ್ತಿ, ಕೆಳತುದಿಯನ್ನು ಹಿಡಿದು ಮೈಭಾರ ಹಾಕಿ ಒತ್ತಿ. ಟ್ರಾನ್ಸಮಿನ ಮೇಲಂಚನ್ನು ಇನ್ನೊಬ್ಬರು ಗಮನಿಸಲಿ. ಅಂಚು ಅಲುಗಿದರೆ, ಅಥವಾ ಬೋಲ್ಟಿನ ಸುತ್ತ ನೀರು ಒಸರಿದರೆ, ಒಳಗೆ ಮರ ಉಳಿದಿಲ್ಲ.

ಆಮೇಲೆ ಸಣ್ಣ ಸುತ್ತಿಗೆಯ ಪ್ಲಾಸ್ಟಿಕ್ ತುದಿಯಿಂದ ಎರಡೆರಡು ಇಂಚಿಗೆ ಒಂದರಂತೆ ಮೆಲ್ಲಗೆ ಬಡಿಯುತ್ತಾ ಬನ್ನಿ. ಗಟ್ಟಿ ಜಾಗದಲ್ಲಿ ಟಕ್ ಟಕ್ ಅಂತ ಚೂಪು ಸದ್ದು, ಸುತ್ತಿಗೆ ಪುಟಿಯುತ್ತದೆ. ಕೊಳೆತಲ್ಲಿ ದಬ್ ಅಂತ ಸತ್ತ ಸದ್ದು, ಸುತ್ತಿಗೆ ಅಲ್ಲೇ ನಿಲ್ಲುತ್ತದೆ. ತೆಂಗಿನಕಾಯಿ ತಟ್ಟಿ ನೋಡಿ ಆರಿಸುವವರಿಗೆ ಈ ಕಿವಿ ಬೇಗ ಬರುತ್ತದೆ. ಸದ್ದು ಬದಲಾದಲ್ಲೆಲ್ಲ ಗೆರೆ ಎಳೆದರೆ ಕೊನೆಗೆ ಒಂದು ನಕ್ಷೆಯೇ ಸಿಗುತ್ತದೆ. ಸಾಮಾನ್ಯವಾಗಿ ಅದು ಡ್ರೈನ್ ಪ್ಲಗ್ಗಿನಿಂದ ಮೇಲಕ್ಕೆ ಹಬ್ಬಿರುತ್ತದೆ, ಇಲ್ಲವೇ ಬೋಲ್ಟುಗಳಿಂದ ಕೆಳಕ್ಕೆ ಇಳಿದಿರುತ್ತದೆ.

ಅನುಮಾನ ಉಳಿದರೆ ಒಳಗಿನ ಬದಿಯಿಂದ 5 ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ ತೂತು ಕೊರೆಯಿರಿ. ಹೊರ ಪದರದ ತನಕ ಹೋಗಬಾರದು, ಹಾಗಾಗಿ ಬಿಟ್ಟಿಗೆ ಒಂದು ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಿ. ಬರುವ ಹೊಟ್ಟನ್ನು ಬಿಳಿ ಕಾಗದದ ಮೇಲೆ ಹಿಡಿಯಿರಿ. ಒಣಗಿದ ಮರದ ಹೊಟ್ಟು ತಿಳಿ ಬಣ್ಣ, ಊದಿದರೆ ಹಾರುತ್ತದೆ. ಕೊಳೆತದ್ದು ಕಪ್ಪಗೆ, ಚಹಾ ಪುಡಿಯ ಗಷ್ಟಿನ ಹಾಗೆ ಬಿಟ್ಟಿಗೆ ಅಂಟಿಕೊಂಡು ಬರುತ್ತದೆ. ಮೂಗಿಗೆ ಹಿಡಿದರೆ ಹುಳಿ ವಾಸನೆ. ಒಂದೇ ಕಡೆ ಕೊರೆದು ತೀರ್ಮಾನಕ್ಕೆ ಬರಬೇಡಿ. ಮೇಲೆ, ನಡುವೆ, ಕೆಳಗೆ, ಎರಡೂ ಮೂಲೆಗಳಲ್ಲಿ ನೋಡಿ.

ನಾನು ಬಿಚ್ಚಿದ 18 ಅಡಿಯ ಒಂದು ಬೋಟಿನಲ್ಲಿ ಹಿಂದಿನವರು ಟ್ರಾನ್ಸಮಿಗೆ ಹೊರಗಿನಿಂದ ಪದರದ ಮೇಲೆ ಪದರ ಮ್ಯಾಟ್ ಕಟ್ಟಿದ್ದರು. ನೋಡಲು ಗಟ್ಟಿಮುಟ್ಟು. ಒಳಗಿನ ಪದರ ಕತ್ತರಿಸಿದಾಗ ಪ್ಲೈವುಡ್ಡನ್ನು ಕರಣೆಯಲ್ಲಿ ಬಾಚಿ ತೆಗೆಯುವಂತಾಗಿತ್ತು. ಹೊರಗಿನ ಹೊದಿಕೆ ನೀರನ್ನು ಒಳಗೇ ಕೂಡಿ ಹಾಕಿತ್ತು ಅಷ್ಟೇ.

ನೆಲ ಮೆತ್ತಗೆ, ಬೋಟು ಭಾರ

ಎಂಜಿನ್ ಸರಿಯಿದ್ದು, ಪ್ರೊಪೆಲ್ಲರ್ ಸರಿಯಿದ್ದು, ಬೋಟು ಮಾತ್ರ ನೀರಿನಿಂದ ಮೇಲೇಳದೆ ಮೂತಿ ಎತ್ತಿಕೊಂಡು ಓಡುತ್ತಿದ್ದರೆ ನೆಲದಡಿಯ ಫೋಮ್ ನೀರು ಕುಡಿದಿರಬಹುದು. ಬೋಟು ಮುಳುಗದಿರಲಿ ಅಂತ ತುಂಬಿಸಿದ ಪಿಯು (ಪಾಲಿಯುರೆಥೇನ್) ಫೋಮ್ ವರ್ಷಗಟ್ಟಲೆ ನೀರಿನಲ್ಲಿ ನೆನೆದರೆ ಅದೇ ಭಾರವಾಗುತ್ತದೆ. ಬೋಟನ್ನು ಲಾರಿಯಲ್ಲೋ ಟ್ರೇಲರಿನಲ್ಲೋ ಸಾಗಿಸುವಾಗ ವೇ ಬ್ರಿಡ್ಜಿನಲ್ಲಿ ತೂಗಿಸಿ, ಗಾಡಿಯ ತೂಕ ಕಳೆದು ನೋಡಿ. ಇಲ್ಲವೇ ನೆಲದಲ್ಲಿ ಮೂರು ಇಂಚಿನ ಹೋಲ್‌ಸಾ ಹಾಕಿ, ತಳದ ತನಕ ಫೋಮ್ ಕಿತ್ತು ಹಿಂಡಿ. ಮೇಲಿನ ಫೋಮ್ ಒಣಗಿದ್ದು ಅಡಿಯದ್ದು ತೊಟ್ಟಿಕ್ಕುವುದು ಮಾಮೂಲು. ನೆನೆದ ಫೋಮ್ ಬಿಸಿಲಿಗೆ ಒಣಗುತ್ತದೆ ಅಂತ ಕಾಯುವುದು ವ್ಯರ್ಥ, ಕಿತ್ತೆಸೆಯಿರಿ.

ಒಂದು ತಪ್ಪು ತೀರ್ಮಾನಕ್ಕೆ ಇಲ್ಲಿ ಜಾಗ ಇದೆ. ಎಂಜಿನ್ ಸ್ಪೀಡ್ ಏಕಾಏಕಿ ಏರಿ ಬೋಟು ಹಿಂದೆ ಬೀಳುತ್ತಿದ್ದರೆ ಅದು ಭಾರದ ಸಮಸ್ಯೆ ಆಗಿರಲಿಕ್ಕಿಲ್ಲ. ಪ್ರೊಪೆಲ್ಲರಿನ ಒಳಗಿನ ರಬ್ಬರ್ ಹಬ್ ಜಾರುತ್ತಿರಬಹುದು. ಹಬ್ ಮತ್ತು ಪ್ರೊಪೆಲ್ಲರ್ ಎರಡಕ್ಕೂ ಸೇರಿಸಿ ಪೇಂಟಿನಲ್ಲಿ ಒಂದು ಗೆರೆ ಎಳೆದು ಓಡಿಸಿ ಬನ್ನಿ. ಗೆರೆ ಮುರಿದು ಎರಡಾಗಿದ್ದರೆ ಹಬ್ ಹೋಗಿದೆ.

ಬಿರುಕು, ಬೊಕ್ಕೆ

ಎಲ್ಲ ಬಿರುಕೂ ಸೋರುವುದಿಲ್ಲ. ಒಂದು ಬಿಂದುವಿನಿಂದ ನಕ್ಷತ್ರದ ಹಾಗೆ ಹರಡಿದ್ದರೆ ಅಲ್ಲಿ ಏಟು ಬಿದ್ದಿದೆ, ಇಲ್ಲವೇ ಅಲ್ಲಿರುವ ಫಿಟ್ಟಿಂಗ್ ಅಡಿಗೆ ಆಧಾರದ ತಗಡು (ಬ್ಯಾಕಿಂಗ್ ಪ್ಲೇಟ್) ಇಲ್ಲ. ಒಂದರ ಪಕ್ಕ ಒಂದು ಸಮಾನಾಂತರವಾಗಿದ್ದರೆ ಆ ಜಾಗ ಓಡುವಾಗ ಬಾಗುತ್ತಿದೆ, ಒಳಗಿನ ಪಟ್ಟಿ ಬಿಟ್ಟುಕೊಂಡಿದೆಯೇ ನೋಡಿ. ಕೆರೆ ಬತ್ತಿದ ನೆಲದಂತೆ ಎಲ್ಲ ಕಡೆ ಒಡೆದಿದ್ದರೆ ಜೆಲ್‌ಕೋಟ್ ದಪ್ಪ ಹಚ್ಚಿದ್ದಾರೆ, ಅದು ಚಂದದ ಪ್ರಶ್ನೆ ಮಾತ್ರ. ಖಾತ್ರಿ ಬೇಕಾದರೆ ಚೂಪು ಉಳಿಯಲ್ಲಿ ಬಿರುಕನ್ನು ವಿ ಆಕಾರಕ್ಕೆ ಕೆರೆಯಿರಿ. ಜೆಲ್‌ಕೋಟಿನಲ್ಲೇ ಮುಗಿದರೆ ಪುಟ್ಟಿ ಸಾಕು. ಬಿಳಿ ನಾರಿನೊಳಗೂ ಹೋಗಿದ್ದರೆ ಮ್ಯಾಟ್ ಬೇಕು.

ತಳದಲ್ಲಿ ಬೊಕ್ಕೆ ಎದ್ದಿದ್ದರೆ ಕನ್ನಡಕ ಹಾಕಿಕೊಂಡೇ ಚುಚ್ಚಿ. ಒಳಗಿನ ದ್ರವ ಒತ್ತಡದಲ್ಲಿರುತ್ತದೆ, ಕಣ್ಣಿಗೆ ಚಿಮ್ಮುತ್ತದೆ. ವಿನೆಗರ್ ವಾಸನೆ ಬಂದರೆ ನೀರು ರೆಸಿನ್ ಒಳಗೇ ಇಳಿದಿದೆ ಅಂತ ಅರ್ಥ. ಒಡೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ ಎಪಾಕ್ಸಿ (ಇನ್ನೊಂದು ಬಗೆಯ ರೆಸಿನ್) ತುಂಬಬೇಕು. ಬರೀ ನೀರು ಬಂದರೆ ಪೇಂಟ್ ಎದ್ದಿದೆ ಅಷ್ಟೇ.

ರಿಪೇರಿಗೆ ಕೈ ಹಾಕುವ ಮುನ್ನ

ಕರಾವಳಿಯಲ್ಲಿ ಒಂದು ವಿಚಿತ್ರ ಇದೆ. ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರ ತನಕ ನಿಷೇಧ. ಬೋಟುಗಳೆಲ್ಲ ದಡದಲ್ಲಿ, ಕೈಯಲ್ಲಿ ಬಿಡುವು, ಹಾಗಾಗಿ ರಿಪೇರಿ ಕೆಲಸವೂ ಆಗಲೇ. ಆದರೆ ರೆಸಿನ್‌ಗೆ ಇದಕ್ಕಿಂತ ಕೆಟ್ಟ ಕಾಲ ಇನ್ನೊಂದಿಲ್ಲ. ಗಾಳಿಯಲ್ಲಿ ನೀರು, ಮರದಲ್ಲಿ ನೀರು, ಮ್ಯಾಟಿನಲ್ಲೂ ತೇವ. ಬಿಚ್ಚುವುದು, ಕತ್ತರಿಸುವುದು, ಕೆರೆಯುವುದನ್ನು ಮಳೆಗಾಲದಲ್ಲಿ ಮಾಡಿಕೊಳ್ಳಿ. ರೆಸಿನ್ ಕೆಲಸವನ್ನು ಸಾಧ್ಯವಾದಷ್ಟೂ ಡಿಸೆಂಬರ್‌ನಿಂದ ಮಾರ್ಚ್ ನಡುವೆ ಇಟ್ಟುಕೊಳ್ಳಿ.

ಒಣಗಿದೆಯೋ ಇಲ್ಲವೋ ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗಕ್ಕೆ ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ ಬಿಡಿ. ಮರುದಿನ ಹಾಳೆಯ ಒಳಗೆ ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕು.

ಹಳೇ ಪಾಲಿಯೆಸ್ಟರಿಗೆ ಹೊಸದು ತಾನಾಗಿ ಬೆಸೆಯುವುದಿಲ್ಲ, ಒರಟು ಮೈಗೆ ಕಚ್ಚಿಕೊಳ್ಳಬೇಕು ಅಷ್ಟೇ. ಹಾಗಾಗಿ ಗ್ರೈಂಡರಿನಲ್ಲಿ 36 ಅಥವಾ 40 ನಂಬರಿನ ಡಿಸ್ಕ್ ಹಾಕಿ ಉಜ್ಜಬೇಕು. ಉಜ್ಜುವ ಮೊದಲೂ ಆಮೇಲೂ ಅಸಿಟೋನ್‌ನಲ್ಲಿ ಒರೆಸಿ, ಇಲ್ಲದಿದ್ದರೆ ಮೇಣ, ಆಯಿಲ್ ಒಳಗೇ ತಿಕ್ಕಿದಂತಾಗುತ್ತದೆ. ತೂತು ಬಿದ್ದ ಕಡೆ ದಪ್ಪದ 12 ಪಟ್ಟು ಅಗಲಕ್ಕೆ ಇಳಿಜಾರು ಮಾಡಿ. 6 ಮಿಲಿಮೀಟರ್ ದಪ್ಪದ ತಳಕ್ಕೆ ಸುತ್ತಲೂ ಸುಮಾರು ಮೂರು ಇಂಚು. ಎರಡು ಬೆರಳಗಲ ಉಜ್ಜಿ ಅಂಟಿಸಿದ ತೇಪೆ ಮೊದಲ ಅಲೆಗೇ ಸಿಪ್ಪೆಯಂತೆ ಎದ್ದು ಬರುತ್ತದೆ. ದೂಳಿಗೆ ಮಾಸ್ಕ್, ತುಂಬು ತೋಳಿನ ಅಂಗಿ, ಮಣಿಕಟ್ಟಿಗೆ ಟೇಪ್. ಗಾಜಿನ ದೂಳಿನ ತುರಿಕೆ ಒಮ್ಮೆ ಅನುಭವಿಸಿದವರಿಗೆ ಹೇಳಬೇಕಾಗಿಲ್ಲ.

ರೆಸಿನ್ ಬಗ್ಗೆ ಒಂದು ಮಾತನ್ನು ಜೋರಾಗಿಯೇ ಹೇಳಬೇಕು. ಅಂಗಡಿಯಲ್ಲಿ ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡುತ್ತಾರೆ. ನೇರಳೆ ಬಣ್ಣದ್ದು ಆಕ್ಸಿಲರೇಟರ್, ಅಂದರೆ ಕೋಬಾಲ್ಟ್. ನೀರಿನಂತಿರುವುದು ರೆಸಿನ್ ಗಟ್ಟಿಯಾಗಿಸುವ ಕ್ಯಾಟಲಿಸ್ಟ್, ಅಂದರೆ ಎಂಇಕೆಪಿ. ಇವೆರಡನ್ನು ನೇರವಾಗಿ ಒಂದಕ್ಕೊಂದು ಬೆರೆಸಿದರೆ ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಅಳೆಯಲು ಒಂದೇ ಮುಚ್ಚಳ ಬಳಸುವುದೂ ಅಪಾಯ. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಪೂರ್ತಿ ಕಲಸಿ. ಬಳಸುವ ಹೊತ್ತಿಗೆ, ಬೇಕಾದಷ್ಟೇ ರೆಸಿನ್ ಬೇರೆ ತೆಗೆದುಕೊಂಡು ಅದಕ್ಕೆ ಕ್ಯಾಟಲಿಸ್ಟ್ ಹಾಕಿ. ಕಿಲೋ ರೆಸಿನ್‌ಗೆ 10ರಿಂದ 20 ಮಿಲಿಲೀಟರ್. ಮಧ್ಯಾಹ್ನದ ಸೆಕೆಯಲ್ಲಿ 10ರ ಹತ್ತಿರ ಇರಲಿ, ಆದರೆ ಅದಕ್ಕಿಂತ ಕೆಳಗೆ ಇಳಿಸಿದರೆ ಒಳಗೆ ಪೂರ್ತಿ ಗಟ್ಟಿಯಾಗುವುದಿಲ್ಲ. ಕಲಸಿದ್ದನ್ನು ಆಳದ ಡಬ್ಬಿಯಲ್ಲಿಟ್ಟರೆ ಬಿಸಿಯೇರಿ ಹೊಗೆ ಬರುತ್ತದೆ, ಅಗಲದ ತಟ್ಟೆಗೆ ಸುರಿದುಕೊಳ್ಳಿ.

ಚದರ ಮೀಟರಿಗೆ 450 ಗ್ರಾಂ ತೂಗುವ ಮ್ಯಾಟ್, ಒಂದು ಚದರ ಮೀಟರಿಗೆ ಸುಮಾರು ಒಂದು ಕಿಲೋ ರೆಸಿನ್ ಕುಡಿಯುತ್ತದೆ, ಒಂದು ಪದರ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ದಪ್ಪ ಆಗುತ್ತದೆ. ಬ್ರಷ್ಷಿನಲ್ಲಿ ಎಳೆಯಬೇಡಿ, ಕುಟ್ಟಿ. ಆಮೇಲೆ ರೋಲರ್ ಹಾಕಿ ಗಾಳಿಗುಳ್ಳೆ ಹೊರಡಿಸಿ. ತಳಕ್ಕೆ ಮಾಮೂಲಿ ರೆಸಿನ್‌ಗಿಂತ ಐಸೋಫ್ತಾಲಿಕ್ ರೆಸಿನ್ ಕೇಳಿ ತನ್ನಿ, ನೀರನ್ನು ಅದು ಚೆನ್ನಾಗಿ ತಡೆಯುತ್ತದೆ. ಎಪಾಕ್ಸಿ ಇನ್ನೂ ಗಟ್ಟಿಯಾಗಿ ಅಂಟುತ್ತದೆ, ದುಬಾರಿ. ಎಪಾಕ್ಸಿಗೆ ಮಾಮೂಲಿ ಚಾಪ್ಡ್ ಮ್ಯಾಟ್ (ತುಂಡು ನಾರಿನದು) ಹೊಂದುವುದಿಲ್ಲ. ಮ್ಯಾಟಿನ ನಾರನ್ನು ಹಿಡಿದಿಟ್ಟ ಅಂಟು ಪಾಲಿಯೆಸ್ಟರಿನ ಸ್ಟೈರೀನ್‌ನಲ್ಲಿ ಕರಗುವಂಥದ್ದು, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ಅದಕ್ಕೆ ನೇಯ್ದ ಬಟ್ಟೆಯೇ ಬೇಕು.

ಟ್ರಾನ್ಸಮ್ ಕೊಳೆತಿದ್ದರೆ ಒಳಗಿನ ಪದರ ಕತ್ತರಿಸಿ, ಹೊರ ಪದರ ಉಳಿಸಿಕೊಂಡು ಮರ ಪೂರ್ತಿ ಬಾಚಿ. ತೆಗೆಯುವ ಮೊದಲು ಅದರ ಎತ್ತರ ಅಳೆದಿಟ್ಟುಕೊಳ್ಳಿ. ಶಾರ್ಟ್ ಶಾಫ್ಟ್ ಎಂಜಿನ್‌ಗೆ 15 ಇಂಚು, ಲಾಂಗ್ ಶಾಫ್ಟ್‌ಗೆ 20 ಇಂಚು. ಎಂಜಿನ್ನಿನಲ್ಲಿ ಪ್ರೊಪೆಲ್ಲರ್ ಮೇಲಿರುವ ಅಡ್ಡ ತಟ್ಟೆ ತಳದ ಮಟ್ಟಕ್ಕೆ ಸರಿಯಾಗಿ ಬರಬೇಕು. ಹೊಸ ಹಲಗೆಗೆ ಐಎಸ್ 710 (ಭಾರತೀಯ ಮಾನಕ) ಗುರುತಿನ ಮರೀನ್ ಪ್ಲೈವುಡ್, 19 ಮಿಲಿಮೀಟರಿನ ಎರಡು ತುಂಡು ಅಂಟಿಸಿ ಒಂದು ಮಾಡಿ. ಮನೆ ಕಪಾಟಿನ ಪ್ಲೈವುಡ್ ಬೇಡವೇ ಬೇಡ. ಎಲ್ಲ ಅಂಚಿಗೂ ರೆಸಿನ್ ಕುಡಿಸಿ. ಹೊರ ಪದರಕ್ಕೆ ಅಂಟಿಸುವಾಗ ನಡುವೆ ಗಾಳಿ ಉಳಿಯದಂತೆ ಗಟ್ಟಿ ರೆಸಿನ್ ಪೇಸ್ಟ್ ಬಳಿದು ಕ್ಲಾಂಪ್ ಬಿಗಿಯಿರಿ. ಆಮೇಲೆ ಒಳಗಿನಿಂದ ಮ್ಯಾಟ್ ಕಟ್ಟುವಾಗ ಪಕ್ಕಗಳ ಮೇಲೂ ತಳದ ಮೇಲೂ ಅರ್ಧ ಅಡಿ ಹತ್ತಿಸಿ.

ತೂತು, ಬೋಲ್ಟು, ಸೀಲಂಟ್

ಹೊಸ ಫಿಟ್ಟಿಂಗ್ ಕೂರಿಸುವಾಗ ಪ್ಲೈವುಡ್ಡಿನ ಮೈ ತೂತಿನೊಳಗೆ ಬೆತ್ತಲೆ ಇರಬಾರದು. ಅರ್ಧ ಇಂಚಿನ ಬೋಲ್ಟಿಗೆ ಮೊದಲು 18–20 ಮಿಲಿಮೀಟರ್ ತೂತು ಕೊರೆಯಿರಿ. ಅದನ್ನು ಗಟ್ಟಿ ಎಪಾಕ್ಸಿಯಲ್ಲಿ ತುಂಬಿ. ಒಣಗಿದ ಮೇಲೆ ನಡುವೆ ಅರ್ಧ ಇಂಚು ಕೊರೆಯಿರಿ. ಈಗ ಸೀಲಂಟ್ (ಸಂದಿ ಮುಚ್ಚುವ ಅಂಟು) ಮುಂದೊಂದು ದಿನ ಕೈಕೊಟ್ಟರೂ ನೀರಿಗೆ ಮರ ಸಿಗುವುದಿಲ್ಲ. ತೂತಿನ ಬಾಯನ್ನು ಸ್ವಲ್ಪ ಕೆರೆದು ಅಗಲ ಮಾಡಿದರೆ ಸೀಲಂಟ್ ಅಲ್ಲಿ ಬಳೆಯಂತೆ ನಿಲ್ಲುತ್ತದೆ.

ಬಾತ್‌ರೂಮಿನ ಸಿಲಿಕೋನ್, ಅದೇ ವಿನೆಗರ್ ವಾಸನೆಯದ್ದು, ಹತ್ತಿರ ತರಬೇಡಿ. ಅದು ಬೇಗ ಬಿಟ್ಟುಕೊಳ್ಳುತ್ತದೆ, ಬಿಟ್ಟ ಮೇಲೆ ಆ ಜಾಗಕ್ಕೆ ಪೇಂಟೂ ಹಿಡಿಯುವುದಿಲ್ಲ, ಬೇರೆ ಸೀಲಂಟೂ ಹಿಡಿಯುವುದಿಲ್ಲ. ಸಿಕಾಫ್ಲೆಕ್ಸ್ 291ರಂಥ ಮರೀನ್ ಪಾಲಿಯುರೆಥೇನ್ ಬಳಸಿ. 3ಎಂ 5200 ಕಾಯಂ ಅಂಟು, ಮುಂದೆ ಬಿಚ್ಚಬೇಕಾದ ಯಾವುದಕ್ಕೂ ಬೇಡ. ಮೊದಲು ಸೀಲಂಟ್ ಅಂಚಿನಲ್ಲಿ ಇಣುಕುವಷ್ಟು ಮಾತ್ರ ಬಿಗಿಯಿರಿ. ಪೂರ್ತಿ ಬಿಗಿದರೆ ಎಲ್ಲ ಹಿಂಡಿ ಹೊರಗೆ ಬರುತ್ತದೆ. ಅದು ಗಟ್ಟಿಯಾದ ಮೇಲೆ ಕೊನೆಯ ಬಿಗಿತ. ತಿರುಗಿಸುವುದು ನಟ್ಟನ್ನು, ಬೋಲ್ಟಿನ ತಲೆಯನ್ನಲ್ಲ. ತಲೆ ತಿರುಗಿದರೆ ಕೂತ ಸೀಲಂಟ್ ಹರಿಯುತ್ತದೆ.

ಬೋಲ್ಟು, ಫಿಟ್ಟಿಂಗ್‌ಗಳ ಸ್ಟೇನ್‌ಲೆಸ್ ಸ್ಟೀಲು 316 ದರ್ಜೆಯದ್ದು ಇರಲಿ. 304 ಮೇಲೆ ಫಳಫಳ ಹೊಳೆಯುತ್ತಿದ್ದು ತೂತಿನೊಳಗೆ ತಿನ್ನಿಸಿಕೊಂಡಿರುತ್ತದೆ. ಹಿತ್ತಾಳೆ ಫಿಟ್ಟಿಂಗ್ ಕೆರೆದು ನೋಡಿದಾಗ ಹಳದಿಯ ಬದಲು ಗುಲಾಬಿ ಬಣ್ಣ ಕಂಡರೆ ಅದರ ಸತು ಕರಗಿ ಹೋಗಿದೆ, ಒಂದು ಏಟಿಗೆ ಮುರಿಯುತ್ತದೆ. ಕ್ಲೀಟುಗಳಡಿಗೆ ವಾಷರ್ ಮಾತ್ರ ಸಾಲದು, ಪ್ಲೇಟ್ ಬೇಕು. ಎಂಜಿನ್ ಆನೋಡು (ಎಂಜಿನ್ನಿನ ಲೋಹ ಉಳಿಸಲು ತಾನೇ ಸವೆಯುವ ತುಂಡು) ಅರ್ಧ ಸವೆದಿದ್ದರೆ ಬದಲಿಸಿ. ಉಪ್ಪುನೀರಿಗೆ ಸತುವಿನದ್ದು ನಡೆಯುತ್ತದೆ, ಹಿನ್ನೀರು ಸಮುದ್ರ ಎರಡರಲ್ಲೂ ಓಡಿಸುವವರಿಗೆ ಅಲ್ಯೂಮಿನಿಯಂ ಆನೋಡು ಒಳ್ಳೆಯದು. ಅದರ ಮೇಲೆ ಪೇಂಟ್ ಹೊಡೆದರೆ ಅದು ಇದ್ದೂ ಇಲ್ಲದಂತೆ.

ನೀರಿಗಿಳಿಸಿದ ದಿನ

ಮತ್ತೆ ನ್ಯೂಸ್‌ಪೇಪರ್ ಹಾಸಿ. ಮೊದಲು ಒಂದು ಗಂಟೆ ಸುಮ್ನೆ ಕಟ್ಟಿ ಬಿಟ್ಟು ನೋಡಿ, ಆಮೇಲೆ ಅರ್ಧ ಸ್ಪೀಡಿನಲ್ಲಿ ಒಂದು ಸುತ್ತು, ಕೊನೆಗೆ ಪೂರ್ತಿ ಸ್ಪೀಡು. ಪ್ರತಿ ಸಲವೂ ಪೇಪರ್ ಎತ್ತಿ ನೋಡಿ. ವಾಪಸ್ ಬಂದ ಮೇಲೆ ಎಂಜಿನ್ ಬೋಲ್ಟುಗಳಿಗೆ ಸ್ಪ್ಯಾನರ್ ಹಾಕಿ. ಹೊಸ ಹಲಗೆ ಸ್ವಲ್ಪ ಕೂತಿರುತ್ತದೆ, ಕಾಲು ಸುತ್ತು ತಗೊಳ್ಳುವುದು ಸಹಜ. ಪ್ರತಿ ಸಲ ಓಡಿಸಿ ಬಂದಾಗಲೂ ಕಾಲು ಸುತ್ತು ತಗೊಳ್ಳುತ್ತಿದ್ದರೆ ಒಳಗೆ ಪೇಸ್ಟ್ ಸರಿಯಾಗಿ ತುಂಬಿಲ್ಲ. ಎಂಜಿನ್ ಇಳಿಸಿ, ಮತ್ತೆ ಸುತ್ತಿಗೆ ಹಿಡಿಯಿರಿ.